ಮಂತ್ರವಾದಿಯ ಬೀಗದ ಕೈ

ಪ್ರೋಗ್ರಾಮ್ ಎಂದರೆ ಈ ಪತ್ರಿಕೆಯ ಓದುಗರ ಮನಸ್ಸಿಗೆ ಮೊದಲು ಬರುವುದು ಬೆಳಗಿನ ಭಕ್ತಿಗೀತೆ, ಮಧ್ಯಾಹ್ನದ ವಾರ್ತೆ, ರಾತ್ರಿಯ ನಾಟಕ. ಗಣಕಯಂತ್ರದವರು ಅದೇ ಮಾತನ್ನು ಬೇರೊಂದು ಅರ್ಥದಲ್ಲಿ ಬಳಸುತ್ತಾರೆ. ಯಂತ್ರವು ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು, ಇಂಥದು ಎದುರಾದರೆ ಯಾವ ಹೆಜ್ಜೆಗೆ ಹಿಂದಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ಒಂದನ್ನೂ ಬಿಡದೆ ಬರೆದಿಟ್ಟ ಆಜ್ಞೆಗಳ ಸಾಲೇ ಅವರ ಪ್ರೋಗ್ರಾಮ್. ಅದಕ್ಕೆ ಕನ್ನಡದಲ್ಲಿ ಕ್ರಮವಿಧಿ ಎಂಬ ಹೆಸರನ್ನು ಕೊಟ್ಟಿದ್ದಾರೆ. ಹೆಸರು ಚೆನ್ನಾಗಿಯೇ ಇದೆ. ಆದರೆ ಆ ಹೆಸರನ್ನು ಕೇಳಿದೊಡನೆ ಪುರೋಹಿತರ ಪ್ರಯೋಗಪುಸ್ತಕ ನೆನಪಾಗುವುದೂ ಸಹಜ. ಇಷ್ಟು ಸಲ ಹೇಳು, ಈ ದಿಕ್ಕಿಗೆ ತಿರುಗು, ಈ ಅಕ್ಷರವನ್ನು ಬಿಡಬೇಡ, ಕೊನೆಗೆ ವಿಸರ್ಜನೆ ಮಾಡು — ಅಲ್ಲಿಯೂ ಹೀಗೆಯೇ ಅಲ್ಲವೆ? ಮಂತ್ರವೂ ಒಂದು ಬಗೆಯ ಕ್ರಮವಿಧಿಯೇ ಎಂದು ಗಣಕದ ವಿದ್ವಾಂಸರೇ ಅರ್ಧ ವಿನೋದದಿಂದ ಹೇಳುವುದುಂಟು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಆಬೆಲ್ಸನ್ ಮತ್ತು ಸಸ್ಮನ್ ಎಂಬಿಬ್ಬರು 1985ರಲ್ಲಿ ಬರೆದ ಪಠ್ಯಪುಸ್ತಕದ ಹೊದಿಕೆಯ ಮೇಲೆ ಒಬ್ಬ ಮಾಂತ್ರಿಕನ ಚಿತ್ರವೇ ಇದೆ. ಅರ್ಧ ವಿನೋದವನ್ನು ಬಿಟ್ಟು ಉಳಿದರ್ಧದ ಚರಿತ್ರೆಯನ್ನು ನೋಡೋಣ.

ಎರಡನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಲೂಷಿಯನ್ ಎಂಬ ಹಾಸ್ಯಲೇಖಕ ಒಂದು ಕಥೆ ಹೇಳುತ್ತಾನೆ. ಪಾಂಕ್ರಟೀಸ್ ಎಂಬ ಈಜಿಪ್ಟಿನ ಮಾಂತ್ರಿಕ. ಅವನೊಡನೆ ಯಾತ್ರೆ ಮಾಡುತ್ತಿದ್ದ ಯೂಕ್ರಟೀಸ್ ಎಂಬ ಯುವಕ. ತಂಗಿದ ಕಡೆಯಲ್ಲೆಲ್ಲ ಮಾಂತ್ರಿಕನು ಒಂದು ಪೊರಕೆಗೋ ಒನಕೆಗೋ ಬಟ್ಟೆ ತೊಡಿಸಿ ಮಂತ್ರ ಹೇಳುವನು. ಅದು ಎದ್ದು ನಡೆದು ನೀರು ತರುವುದು, ಅಡಿಗೆ ಮಾಡುವುದು. ಕೆಲಸ ಮುಗಿದ ಮೇಲೆ ಇನ್ನೊಂದು ಮಂತ್ರ, ಮತ್ತೆ ಒನಕೆಯಾಗುವುದು. ಯುವಕ ಕತ್ತಲಲ್ಲಿ ಅವಿತುಕೊಂಡು ಮೂರಕ್ಷರದ ಮೊದಲನೆಯ ಮಂತ್ರವನ್ನು ಕದ್ದು ಕೇಳಿದ. ಮರುದಿನ ಮಾಂತ್ರಿಕ ಪೇಟೆಗೆ ಹೋದಾಗ ಒನಕೆಯನ್ನು ಎಬ್ಬಿಸಿ ನೀರು ತಾ ಎಂದ. ಕೊಡ ತುಂಬಿತು. ಸಾಕು, ನಿಲ್ಲು ಎಂದರೆ ಒನಕೆ ಕೇಳಲೊಲ್ಲದು. ಮನೆಯೆಲ್ಲ ನೀರು. ಗಾಬರಿಯಿಂದ ಕೊಡಲಿ ತೆಗೆದುಕೊಂಡು ಸೀಳಿದರೆ ಎರಡು ತುಂಡುಗಳೂ ಎರಡು ಕೊಡ ಹಿಡಿದು ಹೊರಟವು. ಜರ್ಮನಿಯ ಮಹಾಕವಿ ಗಯಟೆ 1797ರಲ್ಲಿ ಈ ಕಥೆಯನ್ನು ಕವನವಾಗಿಸಿದ. 1940ರಲ್ಲಿ ಡಿಸ್ನಿಯವರು ಅದನ್ನು ಚಲಚ್ಚಿತ್ರಕ್ಕೆ ತಂದರು. ಗಣಕದಲ್ಲಿ ಕೆಲಸ ಮಾಡುವವರು ಯಾರನ್ನೇ ಕೇಳಿ, ನಿಲ್ಲಬೇಕಾದ ಜಾಗದಲ್ಲಿ ನಿಲ್ಲೆಂದು ಬರೆಯಲು ಮರೆತ ಕ್ರಮವಿಧಿಯ ವರ್ಣನೆಯಿದು ಎಂದು ಒಪ್ಪುತ್ತಾರೆ.

ನಮ್ಮಲ್ಲಿಯೂ ಇಂಥ ಒಂದು ಕಥೆ, ಇದಕ್ಕಿಂತ ಹಳೆಯದು, ವೇದದಲ್ಲಿಯೇ ಬರುತ್ತದೆ. ಮಗನನ್ನು ಇಂದ್ರ ಕೊಂದನೆಂಬ ರೋಷದಿಂದ ತ್ವಷ್ಟೃವು ಇಂದ್ರನನ್ನು ಕೊಲ್ಲುವಂಥ ಇನ್ನೊಬ್ಬ ಮಗನು ಹುಟ್ಟಲಿ ಎಂದು ಹೋಮ ಮಾಡುತ್ತಾನೆ. ‘ಇಂದ್ರಶತ್ರು’ ಎಂಬ ಪದದಲ್ಲಿ ಸ್ವರವು ಕೊನೆಗೆ ಬಂದರೆ ಇಂದ್ರನನ್ನು ಕೊಲ್ಲುವವನು ಎಂದು ಅರ್ಥ. ಮೊದಲಿಗೆ ಬಂದರೆ ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂದು ಅರ್ಥ. ಸ್ವರ ಮೊದಲಿಗೆ ಬಿತ್ತು. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲಿಯೇ ಸತ್ತ. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣವನ್ನು ಏಕೆ ಓದಬೇಕು ಎಂಬುದಕ್ಕೆ ಇದನ್ನೇ ನಿದರ್ಶನವಾಗಿ ಕೊಡುತ್ತಾನೆ. ಹೇಳುವವನ ಅಭಿಪ್ರಾಯವೇನೆಂದು ಕೇಳುವವರಿಲ್ಲ. ಹೇಳಿದ್ದು ಏನೋ ಅದೇ ನಡೆಯುತ್ತದೆ.

ಇಷ್ಟರಿಂದ ಮಂತ್ರವೂ ಕ್ರಮವಿಧಿಯೂ ಒಂದೇ ಎಂದುಬಿಡಬಹುದೆ? ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಾಣುವುದೇನೋ ನಿಜ: ಅರ್ಥವಾಗದ ಅಕ್ಷರಗಳ ಸಾಲು, ಅದರ ಹಿಂದೆಯೇ ಫಲ. ವ್ಯತ್ಯಾಸವಿರುವುದು ನಡುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದರಲ್ಲಿ. ನಿಯಮವನ್ನು ಬಚ್ಚಿಟ್ಟರೆ ಸಾಧಾರಣ ಲೆಕ್ಕವೂ ಮಾಟವಾಗುತ್ತದೆ. ನಿಯಮವನ್ನು ಬಿಚ್ಚಿ ತೋರಿಸಿದರೆ ಮಾಟವೂ ಲೆಕ್ಕವಾಗುತ್ತದೆ. ಇದು ಬರಿಯ ತರ್ಕದ ಮಾತಲ್ಲ. ಒಬ್ಬ ಮಠಾಧಿಪತಿಯ ಬಾಳಿನಲ್ಲಿ, ಅವನು ಸತ್ತ ಮೇಲೆ ಸುಮಾರು ಐನೂರು ವರ್ಷ ಅವನ ಪುಸ್ತಕದ ಬಾಳಿನಲ್ಲಿ, ಅಕ್ಷರಶಃ ನಡೆದ ಸಂಗತಿ.

ಯೋಹಾನೆಸ್ ತ್ರಿತೇಮಿಯಸ್ ಹುಟ್ಟಿದ್ದು 1462ರಲ್ಲಿ, ಜರ್ಮನಿಯ ಮೋಸೆಲ್ ನದಿಯ ದಡದಲ್ಲಿ. ಇಪ್ಪತ್ತರ ಹರೆಯದಲ್ಲಿ ಊರಿಗೆ ಹೋಗುತ್ತಿದ್ದಾಗ ಹಿಮ ಸುರಿಯಿತು. ಸ್ಪಾನ್‌ಹೈಮ್ ಎಂಬಲ್ಲಿಯ ಬೆನೆಡಿಕ್ಟನ ಪಂಥದ ಮಠದಲ್ಲಿ ಆಶ್ರಯ ಪಡೆದ. ಅಲ್ಲಿಯೇ ಉಳಿದು ಸಂನ್ಯಾಸಿಯಾದ. 1483ರಲ್ಲಿ, ಅಂದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವನನ್ನೇ ಮಠದ ಅಧಿಪತಿಯನ್ನಾಗಿ ಆರಿಸಿದರು. ಬಡ ಮಠ, ಸೋರುವ ಮಾಡು. ಅವನು ಬಂದಾಗ ಐವತ್ತರಷ್ಟಿದ್ದ ಪುಸ್ತಕಗಳು ಅವನ ಕಾಲದಲ್ಲಿ ಎರಡು ಸಾವಿರವಾದವು. ಅವನ್ನು ನೋಡಲು ದೂರದೂರದಿಂದ ಪಂಡಿತರು ಬರುತ್ತಿದ್ದರು. ಮುದ್ರಣಯಂತ್ರ ಬಂದ ಹೊಸತು. ಕೈಯಿಂದ ಪ್ರತಿ ಬರೆಯುವುದೇ ಮೇಲು ಎಂದು ವಾದಿಸಿ ಒಂದು ಪುಸ್ತಕ ಬರೆದ. ಆ ಪುಸ್ತಕವನ್ನು 1494ರಲ್ಲಿ ಅಚ್ಚುಹಾಕಿಸಿದ! ಮನುಷ್ಯ ಇಂಥವನು.

1499ರಲ್ಲಿ ಅವನು ಗೆಂಟ್ ನಗರದಲ್ಲಿದ್ದ ಬೋಸ್ಟಿಯಸ್ ಎಂಬ ಸ್ನೇಹಿತನಿಗೆ ಒಂದು ಕಾಗದ ಬರೆದ. ತಾನೊಂದು ಅಪೂರ್ವ ಗ್ರಂಥವನ್ನು ರಚಿಸುತ್ತಿರುವುದಾಗಿಯೂ, ಅದರ ಬಲದಿಂದ ನೂರಾರು ಮೈಲಿ ದೂರದಲ್ಲಿರುವವನಿಗೆ ದೂತನಿಲ್ಲದೆ, ಮಾತಿಲ್ಲದೆ ತನ್ನ ಮನಸ್ಸನ್ನು ತಿಳಿಸಬಹುದೆಂದೂ, ಲ್ಯಾಟಿನ್ ಗಂಧವಿಲ್ಲದವನಿಗೂ ಅಲ್ಪಕಾಲದಲ್ಲೇ ಲ್ಯಾಟಿನ್ ಬರೆಯುವುದನ್ನು ಕಲಿಸಬಹುದೆಂದೂ ಅದರಲ್ಲಿ ಹಿಗ್ಗಿನಿಂದ ಹೇಳಿಕೊಂಡಿದ್ದ. ಕಾಗದ ಗೆಂಟ್ ತಲುಪುವ ವೇಳೆಗೆ ಬೋಸ್ಟಿಯಸ್ ತೀರಿಕೊಂಡಿದ್ದ. ಅಲ್ಲಿಯ ಮಠದ ಮುಖ್ಯಸ್ಥ ಅದನ್ನು ಒಡೆದು ಓದಿದ. ಬೆರಗಾಗಿ ಇತರರಿಗೂ ತೋರಿಸಿದ. ಪ್ರತಿಗಳು ಕೈಯಿಂದ ಕೈಗೆ ಹೋದವು. ಒಬ್ಬ ಗೆಳೆಯನಿಗೆಂದು ಬರೆದ ಜಂಭದ ಮಾತು ಊರಿಗೆಲ್ಲ ತಿಳಿದು, ಸ್ಪಾನ್‌ಹೈಮಿನ ಮಠಾಧಿಪತಿಗೆ ಭೂತಗಳು ವಶವಾಗಿವೆ ಎಂದು ಸುದ್ದಿ ಹಬ್ಬಿತು.

ಆ ಗ್ರಂಥದ ಹೆಸರು ಸ್ಟೆಗನೊಗ್ರಾಫಿಯಾ. ಮುಚ್ಚಿದ ಬರೆಹ ಎಂದು ಅರ್ಥ. ತೆರೆದು ನೋಡಿದವರಿಗೆ ಸಂಶಯವೇ ಉಳಿಯದು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಅಶರೀರಿ ದೇವತೆ. ಅದಕ್ಕೊಂದು ದಿಕ್ಕು, ಕೈಕೆಳಗೆ ಇಷ್ಟು ಪರಿವಾರ, ಅದನ್ನು ಕರೆಯುವುದಕ್ಕೆ ಬಾಯಿ ತಿರುಗದ ಮಂತ್ರ. ಕಾಗದದಲ್ಲಿ ಯಾರು ಓದಿದರೂ ಕೆಡುಕಿಲ್ಲದಂಥ ಪ್ರಾರ್ಥನೆಯನ್ನು ಬರೆದು ಕಳುಹಿಸು. ಪಡೆದವನು ಈ ಮಂತ್ರವನ್ನು ಹೇಳಿದರೆ ದೇವತೆ ಬಂದು ನಿಜವಾದ ಸಂದೇಶವನ್ನು ಅವನಿಗೆ ತಿಳಿಸುತ್ತದೆ — ಇದು ವಿಧಿ.

ಆ ಮಂತ್ರಗಳ ಗುಟ್ಟೇನೆಂಬುದನ್ನು ನಾನೇ ಕಟ್ಟಿದ ಒಂದು ಕನ್ನಡ ಮಂತ್ರದಿಂದ ತೋರಿಸುತ್ತೇನೆ. ‘ಶುರಮೋ ಬಾಸಗಿನಲು ಹಸೋನ ತೆಮಗೆ.’ ರಾತ್ರಿಯ ಹೊತ್ತು ಗಂಭೀರವಾಗಿ ಹೇಳಿದರೆ ಮಕ್ಕಳು ಹೆದರಿಯಾರು. ಈಗ ಬೀಗದ ಕೈ: ಮೊದಲನೆಯ ಮಾತನ್ನು ಬಿಡು, ಎರಡನೆಯದನ್ನು ಹಿಡಿ, ಮೂರನೆಯದನ್ನು ಬಿಡು, ನಾಲ್ಕನೆಯದನ್ನು ಹಿಡಿ. ಹಿಡಿದ ಮಾತಿನಲ್ಲಿ ಒಂದಕ್ಷರ ಓದು, ಒಂದಕ್ಷರ ಬಿಡು. ‘ಬಾಸಗಿನಲು’ ಎಂಬಲ್ಲಿ ಬಾ, ಗಿ, ಲು. ‘ತೆಮಗೆ’ ಎಂಬಲ್ಲಿ ತೆ, ಗೆ. ಬಾಗಿಲು ತೆಗೆ!

ತ್ರಿತೇಮಿಯಸ್ಸನ ಮೊದಲನೆಯ ಭಾಗದ ಮಂತ್ರಗಳಲ್ಲಿ ಇರುವುದು ಇದೇ ಉಪಾಯ. ಹಾಗೆ ಬಿಡಿಸಿದಾಗ ಹೊರಬೀಳುವ ವಾಕ್ಯವೂ ಒಂದು ಆಜ್ಞೆ: ಜೊತೆಗಿರುವ ಪ್ರಾರ್ಥನೆಯಲ್ಲಿ ಯಾವ ಯಾವ ಅಕ್ಷರಗಳನ್ನು ಆರಿಸಿಕೊಳ್ಳಬೇಕು ಎಂಬ ಸೂಚನೆ. ದೇವತೆ ಬಂದು ತಿಳಿಸುವುದೆಂದರೆ ಇದೇ. ದೇವತೆಯ ಹೆಸರು ಒಂದು ವಿಧಾನದ ಹೆಸರು. ಬೇರೆ ದೇವತೆಯನ್ನು ಕರೆದರೆ ಬೇರೆ ವಿಧಾನ. ಇಂದು ಕ್ರಮವಿಧಿ ಬರೆಯುವವರೂ ಹತ್ತಾರು ಆಜ್ಞೆಗಳ ಒಂದು ಕಟ್ಟಿಗೆ ಹೆಸರಿಟ್ಟು, ಬೇಕಾದಾಗ ಆ ಹೆಸರು ಹಿಡಿದು ಕರೆಯುತ್ತಾರೆ. ಹಾಗೆ ಕರೆಯುವುದಕ್ಕೆ ಅವರು ಬಳಸುವ ‘ಇನ್‌ವೋಕ್’ ಎಂಬ ಇಂಗ್ಲಿಷ್ ಮಾತಿಗೆ ನಮ್ಮ ಪುರೋಹಿತರು ಆವಾಹನೆ ಎನ್ನುತ್ತಾರೆ. ತೆರೆಯ ಹಿಂದೆ ಸದ್ದಿಲ್ಲದೆ ಕಾದುಕೊಂಡಿದ್ದು ಕೆಲಸ ಮಾಡುವ ಕ್ರಮವಿಧಿಗೆ ಅಮೆರಿಕದಲ್ಲಿ 1963ರ ಸುಮಾರಿನಿಂದ ‘ಡೀಮನ್’ ಎಂದು ಹೆಸರು ಬಂದಿದೆ. ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ಕಲ್ಪಿಸಿದ ಒಂದು ಭೂತವನ್ನು ನೆನೆದು ಇಟ್ಟ ಹೆಸರಂತೆ. ತ್ರಿತೇಮಿಯಸ್ ಕೇಳಿದ್ದರೆ ನಕ್ಕು ತಲೆದೂಗುತ್ತಿದ್ದನೋ ಏನೋ.

ಬದುಕಿದ್ದಾಗ ಅವನಿಗೆ ನಗುವ ಸಂದರ್ಭ ಕಡಮೆ. ಫ್ರಾನ್ಸಿನ ಷಾರ್ಲ್ ದ ಬೊವೆಲ್ ಎಂಬ ಪಂಡಿತ ಸ್ಪಾನ್‌ಹೈಮಿಗೆ ಅತಿಥಿಯಾಗಿ ಬಂದ. ಹಸ್ತಪ್ರತಿಯನ್ನು ಅವನ ಕೈಗೆ ಕೊಟ್ಟದ್ದಾಯಿತು, ಕೀಲಿಯನ್ನು ಕೊಡಲಿಲ್ಲ. ಆ ವಿಚಿತ್ರ ಹೆಸರುಗಳನ್ನು ನೋಡಿ ಬೊವೆಲ್ ದಿಗಿಲುಬಿದ್ದ. ಕೆಲವು ವರ್ಷಗಳ ಮೇಲೆ, ಇದು ಪಿಶಾಚವಿದ್ಯೆ, ಸುಡತಕ್ಕ ಪುಸ್ತಕ ಎಂದು ಇನ್ನೊಬ್ಬರಿಗೆ ಬರೆದ. ಆ ಕಾಗದವೂ ಪ್ರಚಾರಕ್ಕೆ ಬಂತು. ಈ ಮಧ್ಯೆ 1505ರಲ್ಲಿ, ತ್ರಿತೇಮಿಯಸ್ ಪರಸ್ಥಳದಲ್ಲಿದ್ದಾಗ, ಮಠದ ಸಂನ್ಯಾಸಿಗಳು ಅವನಿಗೆ ತಿರುಗಿ ನಿಂತರು. ಅವನ ಬಿಗಿ ಶಿಸ್ತು, ಓದು ಬರೆಹದ ಒತ್ತಾಯ ಅವರಿಗೆ ಬೇಡವಾಗಿತ್ತು. ಅದಕ್ಕೆ ಮಾಟದ ಅಪವಾದವೊಂದೇ ಕಾರಣವೆನ್ನುವುದು ಸರಿಯಲ್ಲ. ಅವನು ಮತ್ತೆ ಸ್ಪಾನ್‌ಹೈಮನ್ನು ಮೆಟ್ಟಲಿಲ್ಲ. 1506ರಲ್ಲಿ ವೂರ್ಟ್ಸ್‌ಬರ್ಗಿನ ಇನ್ನೊಂದು ಮಠದ ಅಧಿಪತಿಯಾಗಿ, 1516ರಲ್ಲಿ ಅಲ್ಲಿಯೇ ತೀರಿಕೊಂಡ. ಇಪ್ಪತ್ತೆರಡು ವರ್ಷ ಕೂಡಿಸಿದ್ದ ಎರಡು ಸಾವಿರ ಪುಸ್ತಕಗಳು ಹಿಂದೆಯೇ ಉಳಿದವು. ಸ್ಟೆಗನೊಗ್ರಾಫಿಯಾವನ್ನು ಅವನು ಪೂರ್ಣಗೊಳಿಸಲೂ ಇಲ್ಲ, ಅಚ್ಚಿಗೆ ಕೊಡಲೂ ಇಲ್ಲ.

ವೂರ್ಟ್ಸ್‌ಬರ್ಗಿನಲ್ಲಿ ಅವನು ಮಾಡಿದ ಕೆಲಸ ನನಗೆ ಹೆಚ್ಚಿನದಾಗಿ ಕಾಣುತ್ತದೆ. 1508ರಲ್ಲಿ ಪಾಲಿಗ್ರಾಫಿಯಾ ಎಂಬ ಇನ್ನೊಂದು ಗ್ರಂಥ ಬರೆದ. ಇದರಲ್ಲಿ ದೇವತೆಗಳಿಲ್ಲ. ವಿಷಯ ಅದೇ — ಗುಟ್ಟಿನ ಬರೆಹ. ಆದರೆ ನಿಯಮವನ್ನು ಮೊದಲೇ ಹೇಳಿಬಿಟ್ಟಿದ್ದಾನೆ. ಸಾಲು ಸಾಲು ಪಟ್ಟಿಗಳು. ಪ್ರತಿ ಪಟ್ಟಿಯಲ್ಲೂ ಒಂದೊಂದು ಅಕ್ಷರದ ಎದುರಿಗೆ ಒಂದೊಂದು ಲ್ಯಾಟಿನ್ ಪದ. ಸಂದೇಶದ ಮೊದಲನೆಯ ಅಕ್ಷರಕ್ಕೆ ಮೊದಲನೆಯ ಪಟ್ಟಿಯಿಂದ ಪದ ತೆಗೆದುಕೋ, ಎರಡನೆಯದಕ್ಕೆ ಎರಡನೆಯ ಪಟ್ಟಿಯಿಂದ. ಯಾವ ಪದವನ್ನು ತೆಗೆದರೂ ವ್ಯಾಕರಣ ಕೆಡದೆ ಭಗವಂತನ ಸ್ತೋತ್ರವೊಂದು ಬೆಳೆಯುತ್ತ ಹೋಗುತ್ತದೆ. ಲ್ಯಾಟಿನ್ ಬಾರದವನು ಲ್ಯಾಟಿನ್ ಬರೆಯುತ್ತಾನೆಂದು ಬೋಸ್ಟಿಯಸ್ಸನಿಗೆ ಬರೆದಿದ್ದ ಪವಾಡ ಇಷ್ಟೇ! 1518ರಲ್ಲಿ, ಅವನು ಸತ್ತು ಎರಡು ವರ್ಷವಾದ ಮೇಲೆ, ಇದು ಅಚ್ಚಾಯಿತು. ಗೂಢಲಿಪಿಯ ಮೇಲೆ ಜಗತ್ತಿನಲ್ಲಿ ಮೊದಲು ಅಚ್ಚಾದ ಪುಸ್ತಕವೆಂದು ಇದನ್ನು ಎಣಿಸುತ್ತಾರೆ. ಇದನ್ನು ಓದಿ ಯಾರೂ ಹೆದರಿದಂತಿಲ್ಲ.

ಆ ಪುಸ್ತಕದ ಐದನೆಯ ಭಾಗದಲ್ಲಿ ಒಂದು ಚೌಕವಿದೆ. ಮೊದಲನೆಯ ಸಾಲಿನಲ್ಲಿ ವರ್ಣಮಾಲೆ, ಎರಡನೆಯ ಸಾಲಿನಲ್ಲಿ ಅದೇ ವರ್ಣಮಾಲೆ ಒಂದು ಮನೆ ಸರಿದು, ಮೂರನೆಯದರಲ್ಲಿ ಎರಡು ಮನೆ ಸರಿದು, ಹೀಗೆ ಕೊನೆಯವರೆಗೆ. ಮಾತಿನ ಮೊದಲ ಅಕ್ಷರವನ್ನು ಮೊದಲ ಸಾಲಿನಿಂದ, ಎರಡನೆಯದನ್ನು ಎರಡನೆಯ ಸಾಲಿನಿಂದ ಬರೆಯಬೇಕು. ನಮ್ಮ ವ್ಯಂಜನಗಳಲ್ಲಿ ಹೇಳುವುದಾದರೆ ‘ಕಮಲ’ ಎಂಬುದರಲ್ಲಿ ಕ ಹಾಗೆಯೇ ಉಳಿದು, ಮ ಒಂದು ಮನೆ ಸರಿದು ಯ ಆಗಿ, ಲ ಎರಡು ಮನೆ ಸರಿದು ಶ ಆಗಿ, ‘ಕಯಶ’ ಎಂದಾಗುತ್ತದೆ. ಒಂದಕ್ಷರ ಬರೆದೊಡನೆ ನಿಯಮವೇ ಒಂದು ಹೆಜ್ಜೆ ಮುಂದಕ್ಕೆ ಹೋಗುವುದು ಇಲ್ಲಿಯ ಹೊಸತನ. ಇದು ಮನುಷ್ಯನಿಗಿಂತ ಚಕ್ರಕ್ಕೆ ಒಗ್ಗುವ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಬಳಸಿದ ಎನಿಗ್ಮಾ ಯಂತ್ರದಲ್ಲಿಯೂ ಒಂದೊಂದು ಅಕ್ಷರ ಒತ್ತಿದಂತೆ ಚಕ್ರ ಒಂದೊಂದು ಹೆಜ್ಜೆ ತಿರುಗುತ್ತಿತ್ತು. ತೊಡಕು ಸಾವಿರ ಪಾಲು ಹೆಚ್ಚು; ಮೂಲ ಉಪಾಯ ಆ ಮಠಾಧಿಪತಿಯದೇ.

ಎನಿಗ್ಮಾವನ್ನು ಮೊದಲು ಭೇದಿಸಿದವರು ಪೋಲೆಂಡಿನ ಗಣಿತಜ್ಞರು. ಅವರ ಹಾದಿಯಲ್ಲಿ ಮುಂದುವರಿದು ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕಿನಲ್ಲಿ ಆಲನ್ ಟ್ಯೂರಿಂಗ್ ಮೊದಲಾದವರು ಯಂತ್ರಕ್ಕೆ ಯಂತ್ರವನ್ನೇ ಎದುರು ನಿಲ್ಲಿಸಿದರು. ಅಲ್ಲಿ ಬೇರೊಂದು ಜರ್ಮನ್ ಗೂಢಲಿಪಿಯನ್ನು ಬಿಡಿಸಲು ಕಟ್ಟಿದ ಕೊಲೋಸಸ್ ಎಲೆಕ್ಟ್ರಾನಿಕ್ ಗಣಕಗಳ ಪೂರ್ವಜರಲ್ಲಿ ಒಂದು. ಆ ವಿಭಾಗದ ಮುಖ್ಯಸ್ಥನಾಗಿದ್ದ ಮ್ಯಾಕ್ಸ್ ನ್ಯೂಮನ್ ಯುದ್ಧ ಮುಗಿದ ಮೇಲೆ ಮ್ಯಾಂಚೆಸ್ಟರಿಗೆ ಹೋದ. ಆ ಮ್ಯಾಂಚೆಸ್ಟರಿನಲ್ಲೇ 1948ರ ಜೂನ್ 21ರಂದು, ಆಜ್ಞೆಗಳನ್ನು ತನ್ನ ಸ್ಮೃತಿಯೊಳಗೇ ಇಟ್ಟುಕೊಂಡು ನಡೆಯುವ ಎಲೆಕ್ಟ್ರಾನಿಕ್ ಯಂತ್ರದಲ್ಲಿ ಮೊತ್ತಮೊದಲನೆಯ ಕ್ರಮವಿಧಿ ಓಡಿತು. ಟಾಮ್ ಕಿಲ್ಬರ್ನ್ ಬರೆದದ್ದು, 17 ಆಜ್ಞೆಗಳು. 2,62,144 ಎಂಬ ಸಂಖ್ಯೆಯನ್ನು ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತ್ಯಂತ ದೊಡ್ಡ ಸಂಖ್ಯೆ ಯಾವುದು ಎಂಬುದು ಪ್ರಶ್ನೆ. ಅರ್ಧ ಮಾಡಿದರಾಯಿತು ಎಂದು ಶಾಲೆಯ ಹುಡುಗ ಹೇಳಿಯಾನು. ಯಂತ್ರ ಒಂದೊಂದನ್ನೇ ಹಿಡಿದು ನೋಡುತ್ತ 52 ನಿಮಿಷದ ಮೇಲೆ 1,31,072 ಎಂದಿತು.

ಅದಕ್ಕೂ ಮೊದಲಿನ ಪ್ರಯತ್ನಗಳಲ್ಲಿ ಪರದೆಯ ಮೇಲಿನ ಬೆಳಕಿನ ಚುಕ್ಕಿಗಳು ಹುಚ್ಚೆದ್ದು ಕುಣಿದವೆಂದೂ, ಏನು ತಪ್ಪಿದೆ ಎಂಬ ಸುಳಿವನ್ನೂ ಕೊಡಲಿಲ್ಲವೆಂದೂ ಯಂತ್ರದ ನಿರ್ಮಾಪಕ ವಿಲಿಯಮ್ಸ್ ನೆನೆದುಕೊಂಡಿದ್ದಾನೆ. ಲೂಷಿಯನ್ನನ ಒನಕೆ ಕಣ್ಣ ಮುಂದೆ ಬರುವುದಿಲ್ಲವೆ? ಆದರೆ ಮ್ಯಾಂಚೆಸ್ಟರಿನವರು ಕೊಡಲಿ ತೆಗೆದುಕೊಳ್ಳಲಿಲ್ಲ. ಆಜ್ಞೆಗಳನ್ನು ಮೊದಲಿನಿಂದ ಓದಿದರು. ಓದುವುದು ಸಾಧ್ಯವಿತ್ತು, ಏಕೆಂದರೆ ಪ್ರತಿ ಆಜ್ಞೆಯೂ ತೆರೆದೇ ಇತ್ತು. ಮಂತ್ರ ಫಲಿಸದಿದ್ದರೆ ಮಡಿ ಸಾಲದು, ನಂಬಿಕೆ ಸಾಲದು, ನಕ್ಷತ್ರ ಸರಿಯಿಲ್ಲ ಎನ್ನಬಹುದು. ಕ್ರಮವಿಧಿ ಫಲಿಸದಿದ್ದರೆ ಇಂಥ ಸಾಲಿನಲ್ಲಿ ಇಂಥ ತಪ್ಪು ಎಂದು ಬೆರಳಿಟ್ಟು ತೋರಿಸಬೇಕು. ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ 1949ರಲ್ಲಿ ತನ್ನ ಯಂತ್ರದ ಕೋಣೆಗೆ ಮೆಟ್ಟಲು ಹತ್ತುತ್ತಿದ್ದಾಗ, ಇನ್ನುಳಿದ ಆಯುಷ್ಯದಲ್ಲಿ ಬಹುಪಾಲು ತನ್ನದೇ ಕ್ರಮವಿಧಿಗಳಲ್ಲಿ ತಪ್ಪು ಹುಡುಕುವುದರಲ್ಲೇ ಕಳೆಯುತ್ತದೆ ಎಂದು ಹೊಳೆಯಿತಂತೆ. ಹೀಗೆ ಹೊಳೆದ ಮಾಂತ್ರಿಕನ ಕಥೆಯನ್ನು ನಾನು ಓದಿಲ್ಲ.

ಇಷ್ಟಾದರೂ ಭಯ ಹೋಗಲಿಲ್ಲ. ಅದು ನ್ಯಾಯವೂ ಹೌದು. 1955-56ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದಿದ್ದ ಗಣಿತಜ್ಞ ನಾರ್ಬರ್ಟ್ ವೀನರ್ 1964ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ಮಾಟದ ಕಥೆಗಳನ್ನು ಗಣಕದವರು ಮನಸ್ಸಿಟ್ಟು ಓದಬೇಕೆಂದ. ಆ ಕಥೆಗಳಲ್ಲಿ ವರವು ಬಾಯಿಂದ ಹೊರಟ ಮಾತನ್ನು ಮಾತ್ರ ನಡಸುತ್ತದೆ, ಮನಸ್ಸಿನಲ್ಲಿದ್ದುದನ್ನಲ್ಲ. ಯಂತ್ರವೂ ಹಾಗೆಯೇ ಎಂಬುದು ಅವನ ವಾದ. ಭಸ್ಮಾಸುರನ ಬಯಲಾಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರುವರ್ಷ 1965ರಲ್ಲಿ ಇಸ್ರೇಲಿನ ರೆಹೊವೊತ್‌ನಲ್ಲಿ ಹೊಸ ಗಣಕವೊಂದಕ್ಕೆ ಗೋಲೆಮ್ ಎಂದು ನಾಮಕರಣವಾಯಿತು. ಪ್ರಾಗ್ ನಗರದ ಯೆಹೂದಿ ಗುರುವೊಬ್ಬ ಮಣ್ಣಿನಿಂದ ಮಾಡಿ ಅಕ್ಷರಬಲದಿಂದ ನಡೆಯಿಸಿದನೆಂದು ಐತಿಹ್ಯವಿರುವ ಆಳಿನ ಹೆಸರದು. ಐತಿಹ್ಯದ ಒಂದು ಪಾಠದಲ್ಲಿ ಅವನ ಹಣೆಯ ಮೇಲೆ ಸತ್ಯ ಎಂಬರ್ಥದ ಹೀಬ್ರೂ ಪದವಿತ್ತು. ಮೊದಲಕ್ಷರ ಅಳಿಸಿದರೆ ಸತ್ತ ಎಂದಾಗುತ್ತಿತ್ತು, ಆಳು ಮಣ್ಣಾಗುತ್ತಿದ್ದ. ಇಂದು ಕೈಯಲ್ಲಿ ದೂರವಾಣಿ ಹಿಡಿದಿರುವ ನಮ್ಮಲ್ಲಿ ಬಹುಮಂದಿಗೆ ಅದರೊಳಗಿನ ಆಜ್ಞೆಗಳು ಕಾಣುವುದಿಲ್ಲ. ಬರೆದವರು ತೋರಿಸುವುದೂ ಅಪರೂಪ. ಸಾಲ ಕೊಡಬೇಕೆ ಬೇಡವೆ ಎಂಬುದನ್ನು ಕೂಡ ಯಂತ್ರವೇ ತೀರ್ಮಾನಿಸುವ ಕಡೆಗಳಲ್ಲಿ, ಏಕೆ ಬೇಡವೆಂದಿತು ಎಂದು ಕೇಳಿದವನು ಬೊವೆಲ್ ನಿಂತಿದ್ದ ಜಾಗದಲ್ಲೇ ನಿಂತಿರುತ್ತಾನೆ: ಪುಸ್ತಕ ಕೈಯಲ್ಲಿದೆ, ಕೀಲಿ ಇಲ್ಲ.

ಸ್ಟೆಗನೊಗ್ರಾಫಿಯಾದ ಕಥೆ ಅರ್ಧಕ್ಕೆ ನಿಂತಿತು. ಅದರ ಹಸ್ತಪ್ರತಿಗಳು ಗುಟ್ಟಾಗಿ ಓಡಾಡುತ್ತಲೇ ಇದ್ದವು. ಇಂಗ್ಲೆಂಡಿನ ಜಾನ್ ಡೀ 1563ರಲ್ಲಿ ಆಂಟ್‌ವರ್ಪ್ ನಗರದಲ್ಲಿ ಒಂದನ್ನು ಕಂಡು ಹತ್ತು ದಿನ ಕೂತು ಅರ್ಧದಷ್ಟನ್ನು ನಕಲು ಮಾಡಿಕೊಂಡ. 1606ರಲ್ಲಿ ಅದು ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದಾಗ ಮೊದಲೆರಡು ಭಾಗಗಳ ಕೀಲಿಯೂ ಅಚ್ಚಾಯಿತು. ಅಲ್ಲಿಯ ಭೂತಗಳೆಲ್ಲ ಅಕ್ಷರಗಳೆಂದು ಯಾರು ಬೇಕಾದರೂ ನೋಡಬಹುದಾಗಿತ್ತು. ಆದರೂ 1609ರಲ್ಲಿ ರೋಮಿನವರು ಅದನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿದರು. ಕೀಲಿಯಿಲ್ಲದೆ ಉಳಿದದ್ದು ಮೂರನೆಯ ಭಾಗ. ಅದರಲ್ಲಿ ಗ್ರಹಗಳ ಅಧಿದೇವತೆಗಳು, ಶನಿಯಿಂದ ಮೊದಲ್ಗೊಂಡು. ಮಂತ್ರಗಳಿಗೆ ಬದಲು ಅಂಕೆಗಳ ಕೋಷ್ಟಕಗಳು. ಇಪ್ಪತ್ತನಾಲ್ಕು ಗಂಟೆಯೊಳಗೆ ದೇವತೆ ಸಂದೇಶ ಮುಟ್ಟಿಸುತ್ತದೆಂಬ ಆಶ್ವಾಸನೆ ಬೇರೆ. 1676ರಲ್ಲಿ ಹೈಡೆಲ್ ಎಂಬ ಜರ್ಮನ್ ವಿದ್ವಾಂಸ ಇದನ್ನು ಬಿಡಿಸಿದೆನೆಂದು ಪುಸ್ತಕ ಪ್ರಕಟಿಸಿದ. ಉತ್ತರವನ್ನು ಮಾತ್ರ ತನ್ನದೇ ಆದ ಇನ್ನೊಂದು ಗೂಢಲಿಪಿಯಲ್ಲಿ ಬರೆದ! ಅದನ್ನು ಯಾರಿಂದಲೂ ಓದಲಾಗಲಿಲ್ಲ. ಬಡಾಯಿ ಎಂದು ಬಿಟ್ಟರು. ಮೂರನೆಯ ಭಾಗವಾದರೂ ನಿಜವಾದ ಭೂತವಿದ್ಯೆಯೇ ಇರಬೇಕೆಂದು 1958ರಲ್ಲಿ ಡಿ. ಪಿ. ವಾಕರ್ ಅವರಂಥ ದೊಡ್ಡ ಇತಿಹಾಸಕಾರರೂ ಅಭಿಪ್ರಾಯಪಟ್ಟರು.

ಅಮೆರಿಕದಲ್ಲಿ ಜರ್ಮನ್ ಭಾಷೆಯ ಅಧ್ಯಾಪಕರಾದ ಥಾಮಸ್ ಅರ್ನ್‌ಸ್ಟ್ ಅದನ್ನು ಬಿಡಿಸಿ 1996ರಲ್ಲಿ ಪ್ರಕಟಿಸಿದರು. ಅದನ್ನು ಅರಿಯದೆ, ಎ.ಟಿ. ಅಂಡ್ ಟಿ. ದೂರವಾಣಿ ಕಂಪನಿಯ ಸಂಶೋಧನಾಲಯದ ಗಣಿತಜ್ಞ ಜಿಮ್ ರೀಡ್ಸ್ 1998ರಲ್ಲಿ ತಾವೂ ಬಿಡಿಸಿದರು. ಅಂಕೆಗಳು ಶನಿಯ ಸಂಚಾರವಲ್ಲ, ಅಕ್ಷರಗಳು. ಇಪ್ಪತ್ತೈದು ಇಪ್ಪತ್ತೈದು ಕೂಡಿಸುತ್ತ ಒಂದೇ ಅಕ್ಷರಕ್ಕೆ ಹಲವು ಅಂಕೆಗಳನ್ನು ಕೊಟ್ಟಿದ್ದ, ಅಷ್ಟೆ. ಅರ್ನ್‌ಸ್ಟ್ ಹೈಡೆಲನ ಗೂಢಲಿಪಿಯನ್ನೂ ಓದಿದರು. ಅವನದು ಬಡಾಯಿಯಾಗಿರಲಿಲ್ಲ, ಮುನ್ನೂರು ವರ್ಷಗಳ ಹಿಂದೆಯೇ ಉತ್ತರ ಸರಿಯಾಗಿತ್ತು.

ಶನಿಯ ದೇವತೆಗಳು ಹೊತ್ತು ತಂದ ಸಂದೇಶಗಳಲ್ಲಿ ಒಂದು, ವರ್ಣಮಾಲೆಯ ಅಕ್ಷರಗಳನ್ನು ಪರೀಕ್ಷಿಸಲು ಲಿಪಿಕಾರರು ಬಳಸುವಂಥ ಒಂದು ಲ್ಯಾಟಿನ್ ವಾಕ್ಯ. ಇನ್ನೊಂದು ಜರ್ಮನ್ ಭಾಷೆಯಲ್ಲಿದೆ. ಈ ಕಾಗದ ತಂದವನು ಕಳ್ಳ, ಪೋಕರಿ. ಅವನು ನಿನಗೇನೋ ಮಾಡಬೇಕೆಂದಿದ್ದಾನೆ, ಎಚ್ಚರವಾಗಿರು ಎಂದು ಅದರ ತಾತ್ಪರ್ಯ.